ಏಣಿಗಿಂತ ಮೊದಲು ಕಣ್ಣು

ಸವದತ್ತಿಯ ಇಂದಿರಾಬಾಯಿಗೆ ತೊಂಬತ್ಮೂರು ತುಂಬುವ ಹೊತ್ತಿಗೆ ಲೋಕವೆಲ್ಲ ಹಾಲಿನಲ್ಲಿ ಅದ್ದಿ ತೆಗೆದಂತೆ ಕಾಣತೊಡಗಿತ್ತು. ಅಂಗಳದಲ್ಲಿ ತುಳಸಿಕಟ್ಟೆ ಯಾವುದು, ಪಕ್ಕದಲ್ಲಿ ಬಂದು ಕುಳಿತ ನೆರೆಮನೆಯ ಭಾಗೀರಥಿ ಯಾವುದು ಎಂದು ದನಿಯ ಮೇಲೆಯೇ ಗುರುತು ಹಿಡಿಯಬೇಕು. ಪುಣ್ಯಕ್ಕೆ ಭಾಗೀರಥಿ ಬಾಯಿ ಮುಚ್ಚುತ್ತಿರಲಿಲ್ಲ, ಹಾಗಾಗಿ ಹೇಗೋ ನಡೆದಿತ್ತು.

"ಕಣ್ಣಾಗ ಪೊರಿ ಬಂದದ, ತಗಸೋ ವೆಂಕ್ಯಾ," ಎಂದು ಮಗನಿಗೆ ಹೇಳಿ ಹೇಳಿ ಅವಳಿಗೆ ಸಾಕಾಗಿತ್ತು. ಎಪ್ಪತ್ತು ದಾಟಿದ ವೆಂಕಣ್ಣನದು ಒಂದೇ ರಾಗ: "ಈ ವಯಸ್ಸಿನಾಗ ಕಣ್ಣಿಗೆ ಯಾಕವ್ವಾ ಕತ್ತಿ? ಇನ್ನೇನು ನೋಡೋದು ಉಳದದ? ರಾಮ ರಾಮ ಅನಕೋತ ಕುಂಡ್ರು."

ರಾಮನಿಗೆ ಕಣ್ಣು ಬೇಕಿಲ್ಲ, ಖರೆ. ಆದರೆ ಇಂದಿರಾಬಾಯಿ ಮನೆಯ ಮಕ್ಕಳನ್ನೆಲ್ಲ ಕಥೆ ಹೇಳಿ ಬೆಳೆಸಿದವಳು. ರಾಕ್ಷಸ ಬಂದಾಗ ಕೂಸಿನ ಕಣ್ಣು ಎಷ್ಟು ಅಗಲವಾಯಿತೆಂದು ನೋಡದೆ ಕಥೆ ಹೇಳುವುದೆಂದರೆ, ಉಪ್ಪು ನೋಡದೆ ಸಾರು ಬಡಿಸಿದ ಹಾಗೆ.

ಅಷ್ಟರಲ್ಲಿ ಮೊಮ್ಮಗ ಭರತನ ಹೆಂಡತಿ ಪದ್ಮಜಾ ಗಂಡು ಹೆತ್ತಳು. ಮನೆತುಂಬ ಸಡಗರವೋ ಸಡಗರ! ಮರಿಮಗನ ಮುಖ ನೋಡಿದ ಮುತ್ತಜ್ಜಿಯ ಕಾಲ ಬಳಿ ಬೆರಳುದ್ದದ ಬಂಗಾರದ ಏಣಿ ಇಟ್ಟು ನಮಸ್ಕರಿಸುವುದು ಆ ಮನೆತನದ ಪದ್ಧತಿ. ಆ ಏಣಿ ನೇರ ಸ್ವರ್ಗಕ್ಕೆ. ವೆಂಕಣ್ಣ ಪತ್ತಾರನ ಬೆನ್ನು ಹತ್ತಿ ಅದನ್ನು ಮಾಡಿಸಿ ತಂದು ತಾಯಿಯ ಅಂಗೈಯಲ್ಲಿಟ್ಟ. ಅವಳು ಒಂದೊಂದೇ ಮೆಟ್ಟಿಲು ಸವರಿ ನೋಡಿದಳು.

"ಇಷ್ಟು ಸಣ್ಣ ಮೆಟ್ಟಲದಾಗ ನನ್ನ ಕಾಲು ಹಿಡಿಸ್ತದೇನೋ?"

"ಅವ್ವಾ, ಚ್ಯಾಷ್ಟಿ ಸಾಕು. ಇಕಾ, ಕೂಸಿನ ಮುಖ ನೋಡು."

ಪದ್ಮಜಾ ಕೂಸನ್ನು ಮುಂದೆ ಹಿಡಿದಳು. ಇಂದಿರಾಬಾಯಿ ಕಣ್ಣು ಕಿರಿದು ಮಾಡಿದಳು, ಹಿರಿದು ಮಾಡಿದಳು.

"ಏನೋ ಬೆಳ್ಳಗದ. ಕೂಸೋ, ಕಡಬೋ?"

"ಕೂಸ್ರೀ ಅಜ್ಜಿ!" ಪದ್ಮಜಾಗೆ ನಗು ತಡೆಯಲಾಗಲಿಲ್ಲ.

"ಹಂಗಂತ ನೀ ಅಂತೀದಿ. ನಾ ಕಂಡಿಲ್ಲ. ಮುಖಾ ನೋಡಿದವರಿಗೆ ಏಣಿ, ಮುಟ್ಟಿದವರಿಗಲ್ಲ. ಸ್ವರ್ಗದ ಬಾಗಲದಾಗ ನಿಂದರಿಸಿ, 'ಮರಿಮಗನ ಮೂಗು ಹೆಂಗಿತ್ತವಾ' ಅಂತ ಕೇಳಿದರ ಏನ್ ಹೇಳ್ಲಿ? ತಿರಗಿ ಇಳದು ಬರ್ಲ್ಯಾ, ಈ ಮೊಣಕಾಲ ತಗೊಂಡು?"

ವೆಂಕಣ್ಣ ಶಾಸ್ತ್ರ ಬಲ್ಲವನು, ಅದೇ ಅವನ ಫಜೀತಿ. ಹಣೆಯ ಬೆವರು ಒರೆಸಿಕೊಂಡ. ಭರತ ಮೆಲ್ಲಗೆ, "ಅಪ್ಪಾ, ಅಜ್ಜಿ ಪಾಯಿಂಟ್ ಬರೋಬರಿ ಅದ," ಎಂದ.

"ಹಂಗಾರ ಏಣಿ?"

"ಕಾಯ್ತದ ತಗೋ," ಎಂದಳು ಇಂದಿರಾಬಾಯಿ. "ಬಂಗಾರಕ್ಕೇನು ಗೆದ್ದಲ ಹತ್ತತದೇನು?"

ಬೈಲಹೊಂಗಲದ ಕಣ್ಣಿನ ದವಾಖಾನೆಯಲ್ಲಿ ಡಾಕ್ಟರು, "ಅಂಜಿಕಿ ಬರ್ತದೇನ್ರಿ ಅಜ್ಜಿ?" ಎಂದು ಕೇಳಿದರು.

"ನನಗಲ್ರಿ, ಅವಗ. ಅವನ ಕೈ ಹಿಡಕೋರಿ," ಎಂದು ಅವಳು ಬೆರಳು ಮಾಡಿ ತೋರಿಸಿದಳು. ಅಲ್ಲಿದ್ದದ್ದು ನೀರಿನ ಫಿಲ್ಟರು. ವೆಂಕಣ್ಣ ಆಚೆ ಮಗ್ಗುಲಿಗೆ ನಿಂತು ನಿಜವಾಗಿಯೂ ನಡುಗುತ್ತಿದ್ದ.

ಮರುದಿನ ಮನೆಗೆ ಬಂದು ಪಟ್ಟಿ ಬಿಚ್ಚಿದ ಕೂಡಲೇ ಕೂಸನ್ನು ತಂದರು. ಇಂದಿರಾಬಾಯಿ ಉಸಿರು ಬಿಗಿಹಿಡಿದು ನೋಡಿದಳು.

"ಮೂಗು ನಂದು. ಕಿವಿ, ಪಾಪ, ಅವರಪ್ಪಂದು."

ಆಮೇಲೆ ತಲೆಯೆತ್ತಿ, ಏಣಿ ಹಿಡಿದು ನಿಂತವನನ್ನು ನೋಡಿ ಸೆರಗು ಸರಿಮಾಡಿಕೊಂಡಳು. "ಈ ಮುತ್ಯಾ ಯಾರು? ಕುಂಡ್ರಾಕ ಚಾಪಿ ಕೊಡ್ರೇ."

"ಅವ್ವಾ, ನಾನು, ವೆಂಕಣ್ಣ!"

ಇಂದಿರಾಬಾಯಿ ಅವನನ್ನು ಹತ್ತಿರ ಕರೆದು, ಬೆಳ್ಳಗಾದ ಹುಬ್ಬನ್ನು ಹೆಬ್ಬೆರಳಿನಿಂದ ಸವರಿದಳು. "ನಾ ನೋಡಲಾರದ ಹೊತ್ತಿನಾಗ ಇಷ್ಟು ಮುದುಕ ಆದೇನೋ? ಹಾಲು ತುಪ್ಪ ಸರಿಯಾಗಿ ತಿನ್ನೋದಿಲ್ಲೇನು?"

ವೆಂಕಣ್ಣ ಏಣಿ ಮುಂದೆ ಹಿಡಿದ. "ತಿಂತೀನವ್ವಾ. ಈಗ ಮುಖಾ ನೋಡಿದ್ಯಲಾ. ಏಣಿ ಇಡ್ಲ್ಯಾ?"

"ಇಡು. ಹತ್ತೂದು ಮಾತ್ರ ಈಗ ಆಗೂದಿಲ್ಲ, ಕೈಯಾಗ ಕೆಲಸದ."

ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕಥೆ ಶುರು ಮಾಡಿಯೇಬಿಟ್ಟಳು. ಕಾಡು ಬಂತು, ಕತ್ತಲಾಯಿತು, ಕೋರೆಹಲ್ಲಿನ ರಾಕ್ಷಸ ಹೂಂಕರಿಸುತ್ತ ಬಂದ. ಅವಳು ಕಣ್ಣರಳಿಸಿ ಕೂಸಿನ ಮುಖವನ್ನೇ ನೋಡಿದಳು.

ಕೂಸು ಆಕಳಿಸಿತು.

"ಅಯ್ಯ, ಭಾಡ್ಯಾ!" ಎಂದು ಇಂದಿರಾಬಾಯಿ ಮೈತುಂಬ ನಕ್ಕಳು. "ಭಾರೀ ಗಟ್ಟಿ ಗಿರಾಕಿ ಅದಾನಪಾ ಇಂವ. ತಡಿ, ನಾಳೆ ಇದಕಿಂತ ದೊಡ್ಡಾವನ್ನ ಕರಕೊಂಡು ಬರತೇನಿ."