ಬಿಸಿಯಾದಾಗ ಮಾತ್ರ

"ಈ ಕಾರಿನಲ್ಲಿ ಏನೂ ತೊಂದರೆ ಇಲ್ಲ ಅಂತ ಬರೆದು ಸಹಿ ಹಾಕಿಕೊಡಿ" ಎಂದೆ.

ಮೆಕ್ಯಾನಿಕ್ ಕೈ ಒರೆಸಿಕೊಂಡು ಬಟ್ಟೆಯನ್ನು ಹೆಗಲಿಗೆ ಹಾಕಿದ. "ಎಲ್ಲರೂ ತೊಂದ್ರೆ ಇದೆ ಅಂತ ಬರ್ತಾರೆ ಮೇಡಂ. ಇಲ್ಲ ಅಂತ ಬಂದವರು ನೀವೇ ಮೊದ್ಲು. ಮಾರ್ತೀರಾ?"

"ಇಲ್ಲ."

ಆ ಕಾಗದವನ್ನು ಭಾನುವಾರ ಅತ್ತೆಯ ಮುಂದಿಡಬೇಕಿತ್ತು. ಏಳು ತಿಂಗಳ ಹಿಂದೆ ನನ್ನ ಗಂಡ ಕೆಲಸದಿಂದ ಕಾರಿನಲ್ಲಿ ಬಂದವರು ಎದೆ ಹಿಡಿದಂತಾಗುತ್ತಿದೆ ಎಂದು ಮೆಟ್ಟಿಲ ಮೇಲೆ ಕುಳಿತರು. ನಾನು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಮನೆಯಲ್ಲಿದ್ದವನು ಮೈದುನ ಒಬ್ಬನೇ. ಅವನು ಹೇಳಿದ್ದು ಇಷ್ಟು: ಕೀಲಿ ತಿರುಗಿಸಿದೆ, ಎಂಜಿನ್ ಗರಗರ ತಿರುಗಿತು, ಸ್ಟಾರ್ಟ್ ಆಗಲಿಲ್ಲ. ಬೀದಿಗೆ ಓಡಿ ಕೈ ಅಡ್ಡ ಹಿಡಿದೆ, ಯಾರೂ ನಿಲ್ಲಿಸಲಿಲ್ಲ. ಕಾಲು ಗಂಟೆಯ ಮೇಲೆ ಕಾರು ತಾನಾಗಿಯೇ ಸ್ಟಾರ್ಟ್ ಆಯಿತು.

ತಾನಾಗಿಯೇ.

ಆಸ್ಪತ್ರೆಯಲ್ಲಿ ಡಾಕ್ಟರು, "ಹತ್ತು ನಿಮಿಷ ಮೊದಲು ಬಂದಿದ್ದರೆ" ಎಂದು ಮಾತನ್ನು ಅರ್ಧಕ್ಕೆ ಬಿಟ್ಟರು. ಉಳಿದರ್ಧವನ್ನು ನಾನು ತುಂಬಿಕೊಂಡೆ. ಮಹಡಿ ಯಾರ ಪಾಲಿಗೆ ಎಂಬ ಜಗಳದಲ್ಲಿ ಅಣ್ಣತಮ್ಮ ಆ ತಿಂಗಳು ಮಾತು ಬಿಟ್ಟಿದ್ದರು. ಮೈದುನ ಬೇಕೆಂದೇ ತಡಮಾಡಿದ ಎಂದು ನಾನು ತೀರ್ಮಾನಿಸಿದೆ.

ಮೂರು ತಿಂಗಳು ನಿಂತೇ ಇದ್ದ ಕಾರಿಗೆ ಹೊಸ ಬ್ಯಾಟರಿ ಹಾಕಿಸಿದ ಮರುದಿನದಿಂದ ಪ್ರತಿ ಬೆಳಿಗ್ಗೆ ಆರಕ್ಕೆ ಕೀಲಿ ತಿರುಗಿಸಿದೆ. ಸ್ಟಾರ್ಟ್ ಆದೊಡನೆ ಆಫ್ ಮಾಡಿ, ತಾರೀಖು ಬರೆದು, ಬಸ್ಸಿನಲ್ಲಿ ಕೆಲಸಕ್ಕೆ ಹೋದೆ. ನೂರ ಹನ್ನೆರಡು ಬೆಳಿಗ್ಗೆ. ನೂರ ಹನ್ನೆರಡು ಸಲವೂ ಒಂದೇ ತಿರುವಿಗೆ ಸ್ಟಾರ್ಟ್ ಆಯಿತು. ನಾನು ಭೌತಶಾಸ್ತ್ರ ಓದಿದವಳು. ಒಂದು ಸಲದ ಫಲಿತಾಂಶವನ್ನು ನಂಬುವುದಿಲ್ಲ.

ಮೈದುನನಿಗೆ ಗುರುತಿದ್ದ ಗ್ಯಾರೇಜು ಬಿಟ್ಟು ಊರಿನ ಇನ್ನೊಂದು ತುದಿಗೆ ಬಂದಿದ್ದೆ. ಸರದಿಗಾಗಿ ಎರಡು ಗಂಟೆ ಕಾದಿದ್ದೆ.

ಮೆಕ್ಯಾನಿಕ್ ಸ್ಟೇರಿಂಗ್ ಕೆಳಗೆ ಸ್ಕ್ಯಾನರ್ ಸಿಕ್ಕಿಸಿದ. "ತೊಂದ್ರೆ ತೋರಿಸೋ ಯಾವ ಕೋಡೂ ಇಲ್ಲ. ಬ್ಯಾಟರಿ ಬದಲಾಯಿಸಿದ್ರಾ? ಹಳೇದೆಲ್ಲ ಅಳಿಸಿಹೋಗಿರುತ್ತೆ."

"ಹಾಗಾದ್ರೆ ಬರೆದುಕೊಡಿ. ಒಂದು ದಿನ ಸ್ಟಾರ್ಟ್ ಆಗ್ಲಿಲ್ಲ, ಕಾಲು ಗಂಟೆ ಬಿಟ್ಟು ತಾನೇ ಆಯ್ತು ಅಂತ ಒಬ್ಬರು ಹೇಳ್ತಾರೆ. ನೋಡಿ ಇದನ್ನ." ನೋಟ್‌ಬುಕ್ ಕೊಟ್ಟೆ.

ಅವನು ಹಾಳೆ ಮಗುಚಿದ. "ಎಲ್ಲಾ ಬೆಳಿಗ್ಗೆ ಆರಕ್ಕೇನಾ?"

"ಹೌದು."

"ಜ್ವರ ಬಿಟ್ಟಾಗಲೇ ನೋಡಿ ಡಾಕ್ಟ್ರಿಗೆ ಕೈ ತೋರಿಸಿದ ಹಾಗಾಯ್ತು. ಅವತ್ತು ಗಾಡಿ ನಿಂತಿತ್ತಾ, ಓಡಿ ಬಂದಿತ್ತಾ?"

ಮೈದುನ ಇವನನ್ನೂ ಗುರುತು ಮಾಡಿಕೊಂಡಿದ್ದಾನೆಯೇ ಎಂದು ಅನುಮಾನ ಬಂತು. "ನಿಮಗೆ ಯಾರಾದ್ರೂ ಫೋನ್ ಮಾಡಿದ್ರಾ?"

"ಯಾರು ಮೇಡಂ?"

"ಓಡಿ ಬಂದಿತ್ತು. ನಲವತ್ತು ನಿಮಿಷ."

ಎಂಜಿನ್ನನ್ನು ಅರ್ಧ ಗಂಟೆ ಓಡಲು ಬಿಟ್ಟ. ಆಫ್ ಮಾಡಿ ಕೀಲಿ ತಿರುಗಿಸಿದ. ಸ್ಟಾರ್ಟ್ ಆಯಿತು. ನಾನು ಪೆನ್ನಿನ ಮುಚ್ಚಳ ತೆಗೆದು ಅವನತ್ತ ಚಾಚಿದೆ.

"ತಡೀರಿ. ಇವಳೇ, ನಿನ್ನ ಕೂದಲು ಒಣಗಿಸೋ ಮೆಷಿನ್ ಕೊಡು."

ಬಿಡಿಭಾಗದ ಕೌಂಟರಿನಲ್ಲಿದ್ದ ಅವನ ಹೆಂಡತಿ ಡ್ರೈಯರ್ ತಂದಳು. "ನಾನು ಹತ್ತು ನಿಮಿಷ ಹಾಕಿದ್ರೆ ಕರೆಂಟ್ ಬಿಲ್ಲು ಅಂತ ಕುಣೀತಾರೆ. ಕಾರಿನ ತಲೆಗಾದ್ರೆ ಅಡ್ಡಿಯಿಲ್ಲ" ಎಂದು ನನಗೆ ದೂರು ಹೇಳಿದಳು.

ಎಂಜಿನ್ನಿನ ಮೇಲ್ತುದಿಯಲ್ಲಿ ಹೆಬ್ಬೆರಳಷ್ಟು ದಪ್ಪದ ಒಂದು ಕಪ್ಪು ತುಂಡಿಗೆ ಅವನು ಬಿಸಿಗಾಳಿ ಹಿಡಿದ. "ಕ್ಯಾಮ್‌ಶಾಫ್ಟ್ ಸೆನ್ಸರ್. ಒಳಗಿನ ಶಾಫ್ಟ್ ಎಲ್ಲಿಗೆ ತಿರುಗಿದೆ ಅಂತ ಕಂಪ್ಯೂಟರ್‌ಗೆ ಹೇಳೋದು ಇದೇ. ಓಡ್ತಿದ್ರೆ ಎಂಜಿನ್ ಹೇಗೋ ಸಂಭಾಳಿಸುತ್ತೆ. ನಿಲ್ಸಿ ಮತ್ತೆ ಸ್ಟಾರ್ಟ್ ಮಾಡೋವಾಗ ಕೈ ಕೊಡುತ್ತೆ. ಈಗ ಆಫ್ ಮಾಡಿ, ನೀವೇ ತಿರುಗಿಸಿ."

ತಿರುಗಿಸಿದೆ. ಗರಗರ. ಮತ್ತೆ ತಿರುಗಿಸಿದೆ. ಗರಗರ. ಸ್ಕ್ಯಾನರಿನಲ್ಲಿ ಏರಿಳಿಯಬೇಕಾದ ಗೆರೆ ಚಪ್ಪಟೆಯಾಗಿ ಮಲಗಿತ್ತು. ಆಸ್ಪತ್ರೆಯಲ್ಲಿ ಅಂಥದೊಂದನ್ನು ನೋಡಿದ್ದೆ.

ಅವನು ಕನೆಕ್ಟರ್ ಕಳಚಿ ಮೀಟರ್ ಇಟ್ಟ. "ವೈರಿನಲ್ಲಿ ಕರೆಂಟ್ ಸರಿಯಾಗಿ ಬರ್ತಿದೆ. ಸೆನ್ಸರೇ ಹೋಗಿದೆ."

"ನೀವು ಕಾಯಿಸಿದ್ರಿ, ಅದಕ್ಕೇ ಹೋಯ್ತು."

ಅವನಿಗೆ ಸಿಟ್ಟು ಬರಲಿಲ್ಲ. "ಸರಿ. ಹೊಸದನ್ನೂ ಇಷ್ಟೇ ಕಾಯಿಸ್ತೀನಿ, ನಿಮ್ಮ ಕಣ್ಣೆದುರೇ. ಮೊದ್ಲು ಇದು ಆರಲಿ."

ಅವನು ಕನೆಕ್ಟರ್ ಮತ್ತೆ ಸಿಕ್ಕಿಸಿದ. ನಾನು ಗಡಿಯಾರ ನೋಡುತ್ತ, ಆಗಾಗ ಕೀಲಿ ತಿರುಗಿಸುತ್ತ ಕುಳಿತೆ. ಹದಿನಾಲ್ಕನೆಯ ನಿಮಿಷಕ್ಕೆ ಕಾರು ಸ್ಟಾರ್ಟ್ ಆಯಿತು. ತಾನಾಗಿಯೇ.

ಇದ್ದದ್ದು ಒಂದೇ ಬೋಲ್ಟು. ಹಳೆಯದನ್ನು ಅಲುಗಾಡಿಸಿ ಎಳೆದ, ಕುಳಿ ಒರೆಸಿದ, ಹೊಸದರ ರಬ್ಬರ್ ಉಂಗುರಕ್ಕೆ ಎಣ್ಣೆ ಸವರಿ ಒತ್ತಿ ಕೂರಿಸಿದ. ಡ್ರೈಯರ್ ಹಿಡಿದ. ಹೊಸದು ಎಷ್ಟು ಕಾದರೂ ಕಾರು ಒಂದೇ ತಿರುವಿಗೆ ಸ್ಟಾರ್ಟ್ ಆಯಿತು. ಐದು ಸಲ ಮಾಡಿಸಿದೆ.

"ಈಗ ಬರೀಲಾ, ತೊಂದ್ರೆ ಇಲ್ಲ ಅಂತ?"

"ಬೇಡ. ಹಳೇದನ್ನ ಕೊಡಿ."

ಮನೆಯ ಗೇಟಿನಲ್ಲಿ ಮೈದುನ ಎಂದಿನಂತೆ ನನ್ನ ಮುಖ ನೋಡದೆ ಬೈಕನ್ನು ಪಕ್ಕಕ್ಕೆ ಸರಿಸಿದ. ಏಳು ತಿಂಗಳಿಂದ ನಾನು ಅವನೊಡನೆ ಮಾತಾಡಿರಲಿಲ್ಲ. ಎಂಜಿನ್ ಆಫ್ ಮಾಡಿ ಕೀಲಿ ಚಾಚಿದೆ.

"ಸ್ಟಾರ್ಟ್ ಮಾಡು."

ಅವನು ಹಿಂದೆ ಸರಿದ. "ಬೇಡ ಅತ್ತಿಗೆ."

"ಒಂದು ಸಲ."

ಕೂತ. ತಿರುಗಿಸಿದ. ಒಂದೇ ತಿರುವಿಗೆ ಸ್ಟಾರ್ಟ್ ಆಯಿತು. ಅವನ ಕೈ ಕೀಲಿಯ ಮೇಲೇ ಉಳಿಯಿತು.

"ಅವತ್ತು ಹೀಗಾಗ್ಲಿಲ್ಲ ಅತ್ತಿಗೆ. ನಿಜವಾಗ್ಲೂ."

"ಗೊತ್ತು." ಹಳೆಯ ಸೆನ್ಸರನ್ನು ಅವನ ಅಂಗೈಯಲ್ಲಿಟ್ಟೆ. "ಬಿಸಿಯಾದಾಗ ಇದು ಕೆಲಸ ಮಾಡ್ತಿರಲಿಲ್ಲ."

ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

"ದಿನಾ ಬೆಳಿಗ್ಗೆ ಆರಕ್ಕೆ ಕೇಳಿಸ್ತಿತ್ತು, ನೀವು ಕೀಲಿ ತಿರುಗಿಸೋದು. ಮೇಲೆ ಮಲಗಿದ್ದಲ್ಲೇ ಕೇಳಿಸ್ಕೊಳ್ತಿದ್ದೆ. ದಿನಾ ಒಂದೇ ಸಲಕ್ಕೆ ಆಗ್ತಿತ್ತು." ಸೆನ್ಸರನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟ. "ಬರ್ತಾ ಬರ್ತಾ ನನಗೇ ಅನ್ನಿಸೋಕೆ ಶುರುವಾಗಿತ್ತು, ಅವತ್ತು ನಾನು ಕೀಲಿ ತಿರುಗಿಸಲೇ ಇಲ್ವೇನೋ ಅಂತ."

ಎಂಜಿನ್ ಓಡುತ್ತಲೇ ಇತ್ತು. ನಾನು ಪಕ್ಕದ ಸೀಟಿನ ಬಾಗಿಲು ತೆಗೆದು ಕುಳಿತೆ.