ಎರಡು ಸೆಕೆಂಡಿನ ತಡ

ರೇಷನ್ ಕಾರ್ಡು ಹುಡುಕುತ್ತಿದ್ದ ಶಾಮಣ್ಣನಿಗೆ ಕಪಾಟಿನ ಮೂರನೆಯ ಖಾನೆಯಲ್ಲಿ ಸಿಕ್ಕಿದ್ದು ರೇಷನ್ ಕಾರ್ಡಲ್ಲ, ಕಂದು ರಟ್ಟಿನ ಒಂದು ನೋಟುಬುಕ್ಕು. ಸ್ಮಶಾನದ ಆಫೀಸಿನಲ್ಲಿ ಡಾಕ್ಟರ ಸರ್ಟಿಫಿಕೇಟಿನ ಜೊತೆ ರೇಷನ್ ಕಾರ್ಡನ್ನೂ ಕೇಳುತ್ತಾರೆ ಎಂದು ಯಾರೋ ಹೇಳಿದ್ದರು. ಹಾಗಾಗಿ ಅವನು ಒಂದು ಗಂಟೆಯಿಂದ ಅಣ್ಣನ ಕಾಗದಗಳನ್ನೆಲ್ಲ ಕೆದಕುತ್ತಿದ್ದ. ಅಣ್ಣ ನಂಜುಂಡಯ್ಯ ಮುಂದಿನ ಕೋಣೆಯಲ್ಲಿ ಚಾಪೆಯ ಮೇಲೆ ಮಲಗಿದ್ದ. ಬೆಳಗಿನ ಜಾವ ಎದೆ ಹಿಡಿದುಕೊಂಡು ಎದ್ದವನು ಡಾಕ್ಟರು ಮೂರು ಮಹಡಿ ಹತ್ತಿ ಬರುವಷ್ಟರಲ್ಲಿ ಹೋಗಿಬಿಟ್ಟಿದ್ದ. ಐವತ್ತಾರು ಸಾಯುವ ವಯಸ್ಸೇನೂ ಅಲ್ಲ.

ಸತ್ತವರ ಪುಸ್ತಕ ತೆರೆಯಬಾರದು ಎಂಬ ಸಂಕೋಚ ಶಾಮಣ್ಣನಿಗೆ ಇರಲಿಲ್ಲ. ಬದುಕಿದ್ದವರದನ್ನೇ ಓದುವ ಪೈಕಿ ಅವನು. ತೆರೆದರೆ ಒಳಗೆ ತಾರೀಕು ಹಾಕಿ ಬರೆದ ಸಾಲುಗಳು. ಮೊದಲ ಪುಟದಲ್ಲಿ ಅಕ್ಷರ ಮುತ್ತಿನಂತಿದ್ದರೆ ಹೋಗುತ್ತ ಹೋಗುತ್ತ ಸಣ್ಣದಾಗಿ, ಕೊನೆಯ ಪುಟಗಳಲ್ಲಿ ಇರುವೆ ಸಾಲಾಗಿತ್ತು. ಯಾರಿಗೂ ಓದಲಾಗಬಾರದೆಂದೇ ಹೀಗೆ ಬರೆದಿದ್ದಾನೆ ಎಂದುಕೊಂಡ ಶಾಮಣ್ಣ, ಕನ್ನಡಕ ಏರಿಸಿ ಓದಿದ.

‘ಮಾರ್ಚಿ 12. ಏಳನೇ ಸ್ಲೈಡು ಬಟನ್ ಒತ್ತಿದರೂ ಕದಲಲಿಲ್ಲ. ಆಮೇಲೆ ಹೋಯಿತು. ಪೂ. ಇವತ್ತು ನನಗಿಂತ ಮುಂಚೆ ಬಂದಿದ್ದ.’

‘ಮಾರ್ಚಿ 19. ಫ್ಲಾಪಿ ಬದಲಾಯಿಸಿದೆ. ಅದೇ ತಡ.’

‘ಏಪ್ರಿಲ್ 2. ಕೀಬೋರ್ಡು ಬದಲಾಯಿಸಿದೆ. ಅದೇ ತಡ. ಪೂ. ಕೇಳದೆ ನನಗೆ ಚಹಾ ತಂದುಕೊಟ್ಟ. ಯಾಕೆ?’

ಪೂ. ಎಂದರೆ ಯಾರು ಎಂದು ಆ ಮನೆಯಲ್ಲಿ ಯಾರೂ ಕೇಳಬೇಕಾಗಿರಲಿಲ್ಲ. ಕಾರ್ಕಳದ ಕಡೆಯ ಪೂವಪ್ಪ. ನಂಜುಂಡಯ್ಯನ ಜೊತೆ ಬೈಕುಲ್ಲಾದ ಅದೇ ಆಫೀಸಿನಲ್ಲಿ, ಅದೇ ಕಂಪ್ಯೂಟರಿನ ಮುಂದೆ ಕೂತು ಕೆಲಸ ಮಾಡಿದವನು. ಮೂರು ತಿಂಗಳಿಂದ ಆ್ಯಂಟಾಪ್ ಹಿಲ್‌ನ ಈ ಮನೆಯಲ್ಲಿ ಅವನ ಹೆಸರೆತ್ತಿದರೆ ಊಟ ಅರ್ಧಕ್ಕೆ ನಿಲ್ಲುತ್ತಿತ್ತು.

ಶಾಮಣ್ಣ ಪುಸ್ತಕ ತಂದು ಅತ್ತಿಗೆಯ ಮಡಿಲಿಗೆ ಹಾಕಿದ. ಗಂಡನ ತಲೆಯ ಹತ್ತಿರ ಕೂತಿದ್ದ ಕೌಸಲ್ಯಾ ಅದನ್ನು ತೆರೆಯಲಿಲ್ಲ, ಪಕ್ಕಕ್ಕೂ ಇಡಲಿಲ್ಲ.

“ಅಣ್ಣ ಸುಮ್ಮನೆ ಹೇಳ್ತಿರಲಿಲ್ಲ ಅತ್ತಿಗೆ. ಎಲ್ಲ ಬರೆದಿಟ್ಟಿದಾನೆ. ಬೆಂಕಿ ಇಲ್ಲದೆ ಹೊಗೆ ಆಡುತ್ತಾ?”

“ಚಿಕ್ಕಪ್ಪ, ಇದೆಲ್ಲ ಅಭೀ ಬೇಡ ನಾ,” ಎಂದಳು ಮಗಳು ಶಾಮಲಾ. ಅತ್ತೂ ಅತ್ತೂ ಅವಳ ಗಂಟಲು ಕೂತಿತ್ತು.

*

ನಂಜುಂಡಯ್ಯ ಮೈಸೂರು ಬಿಟ್ಟು ಬಂದಾಗ ಅವನ ಹತ್ತಿರ ಇದ್ದ ಆಸ್ತಿ ಬಲಗೈ ಒಂದೇ. ಸಿನಿಮಾ ಶುರುವಾಗುವ ಮುಂಚೆ ತೆರೆಯ ಮೇಲೆ ಸೀರೆ ಅಂಗಡಿ, ಹಲ್ಲುಪುಡಿ ಎಂದು ಜಾಹೀರಾತು ತೋರಿಸುತ್ತಾರಲ್ಲ, ಆ ಗಾಜಿನ ಸ್ಲೈಡುಗಳನ್ನು ಬರೆಯುವ ಕೆಲಸ ಬೈಕುಲ್ಲಾದ ಒಂದು ಸಣ್ಣ ಕಾರ್ಖಾನೆಯಲ್ಲಿ ಸಿಕ್ಕಿತು. ಗಾಜು ಅಂಗೈಯಷ್ಟು, ತೆರೆ ಇಪ್ಪತ್ತು ಅಡಿ. ಇಲ್ಲಿ ಕುಂಚ ಕೂದಲೆಳೆಯಷ್ಟು ಅಲುಗಿದರೆ ಅಲ್ಲಿ ಅಕ್ಷರ ಗೇಣುದ್ದ ಸೊಟ್ಟಗೆ ಕಾಣುತ್ತದೆ. ಮೂವತ್ತು ವರ್ಷ ಅವನು ಮರಾಠಿ, ಗುಜರಾತಿ, ಇಂಗ್ಲಿಷ್ ಎನ್ನದೆ ಬರೆದ. ಒಂದು ಗಾಜೂ ವಾಪಸು ಬರಲಿಲ್ಲ. ಹೊಸ ಸೀರೆ ಉಟ್ಟ ಹೆಂಗಸರಂತೆ ಅವನೂ ಸಿನಿಮಾಕ್ಕೆ ಹೋಗುತ್ತಿದ್ದುದು ಸಿನಿಮಾ ನೋಡಲಿಕ್ಕಲ್ಲ, ತನ್ನ ಅಕ್ಷರವನ್ನು ತೆರೆಯ ಮೇಲೆ ನೋಡಲಿಕ್ಕೆ. ಸ್ಲೈಡು ಮುಗಿದ ಮೇಲೆ ಕೌಸಲ್ಯಾಳನ್ನು ಎಬ್ಬಿಸಿಕೊಂಡು ಮನೆಗೆ ಹೊರಟುಬಿಟ್ಟ ದಿನಗಳೂ ಇದ್ದವು.

ಎಂಬತ್ತೊಂಬತ್ತರಲ್ಲಿ ಯಜಮಾನರು ಗಾಜಿನ ಕೆಲಸ ಮುಚ್ಚಿ ಕಂಪ್ಯೂಟರು ತಂದರು. ಕಂಪನಿಗಳ ಮೀಟಿಂಗಿಗೆ ಪರದೆಯ ಮೇಲೆ ಸಾಲುಸಾಲಾಗಿ ಸ್ಲೈಡು ತೋರಿಸುವ ಹೊಸ ಧಂದೆ. ಅದನ್ನು ಕಲಿಸಲು ಬಂದವನು ಪೂವಪ್ಪ, ಸಾಂತಾಕ್ರೂಜಿನ ಮಾವನ ಹೋಟೆಲಿನ ಗಲ್ಲಾ ನೋಡಿಕೊಳ್ಳುತ್ತಲೇ ಕಂಪ್ಯೂಟರ್ ಕ್ಲಾಸಿಗೆ ಹೋದವನು. ಐವತ್ತನಾಲ್ಕರ ನಂಜುಂಡಯ್ಯ ಮೂವತ್ತೂ ತುಂಬದವನ ಹತ್ತಿರ ಕಲಿತ. ಚೆನ್ನಾಗಿಯೇ ಕಲಿತ. ನಮ್ಮ ಮೆಷಿನ್ನಿನಲ್ಲಿ ನೀಲಿ ಕಂಡ ಅಕ್ಷರ ಗಿರಾಕಿಯ ಮೆಷಿನ್ನಿನಲ್ಲಿ ಮಾಯವಾಗುವುದು, ಕೆಳಗಿನ ಸಾಲು ಕತ್ತರಿಸಿಹೋಗುವುದು, ಇಂಥ ರೋಗಕ್ಕೆಲ್ಲ ಅವನೇ ಮದ್ದು ಹುಡುಕಿದ. ಸುತ್ತ ಎರಡು ಬೆರಳು ಜಾಗ ಬಿಟ್ಟೇ ಬರೆಯಬೇಕು ಎನ್ನುವುದು ಅವನ ಕಾಯಿದೆ.

ನಂಬಿಕೆ ಮಾತ್ರ ಬರಲಿಲ್ಲ. ಗಾಜಿನ ಮೇಲೆ ಇನ್ನೊಬ್ಬ ಕೈಯಾಡಿಸಿದರೆ ಬೆರಳಿನ ಗುರುತಾದರೂ ಉಳಿಯುತ್ತದೆ, ಇದರೊಳಗೆ ಯಾರು ಏನು ಮಾಡಿ ಹೋದರೂ ಹೊರಗೆ ಕಾಣುವುದಿಲ್ಲವಲ್ಲ ಎಂದು ಅವನು ಹೆಂಡತಿಯ ಹತ್ತಿರ ಹೇಳಿಕೊಳ್ಳುತ್ತಿದ್ದ. ಈ ವರ್ಷದ ಮಾರ್ಚಿಯಿಂದ ಸ್ಲೈಡುಗಳು ತಡಮಾಡತೊಡಗಿದಾಗ ಅನುಮಾನಕ್ಕೆ ಕೈಕಾಲು ಬಂತು. ಫ್ಲಾಪಿ ನಿರಪರಾಧಿ, ಕೀಬೋರ್ಡು ನಿರಪರಾಧಿ, ಮೆಷಿನ್ನಿನ ವೇಗ ಹೆಚ್ಚಿಸುವ ಟರ್ಬೋ ಬಟನ್ನೂ ನಿರಪರಾಧಿ ಎಂದು ಒಂದೊಂದಾಗಿ ತೀರ್ಪು ಕೊಟ್ಟ. ಕೊನೆಗೆ ಉಳಿದವನು ಪೂವಪ್ಪ ಒಬ್ಬನೇ.

*

ಅವನು ಹತ್ತೂವರೆಗೆ ಬಂದ. ಕೈಯಲ್ಲಿ ಎಲೆಯಲ್ಲಿ ಸುತ್ತಿದ ಹೂವಿನ ಹಾರ. ಹೊಸ್ತಿಲ ಹೊರಗೇ ಚಪ್ಪಲಿ ಬಿಟ್ಟು ನಿಂತ. ಒಳಗಿದ್ದ ಏಳೆಂಟು ಜನ ಬಾಗಿಲ ಕಡೆ ತಿರುಗಿದರು. ಪಕ್ಕದ ಮನೆಯ ಸೇವಂತಿ ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಿದ್ದವಳು ಅಲ್ಲಿಗೇ ನಿಲ್ಲಿಸಿದಳು.

ಶಾಮಣ್ಣ ಎದ್ದುಹೋಗಿ ಬಾಗಿಲಿಗೆ ಅಡ್ಡ ನಿಂತ. ಹೆಣದ ಮುಂದೆ ಜಗಳ ಬೇಡ ಎಂದು ಯಾರೋ ಪಿಸುಗುಟ್ಟಿದರು. ಜಗಳ ಆಡುತ್ತಿಲ್ಲ, ಒಂದೇ ಪ್ರಶ್ನೆ ಕೇಳುತ್ತೇನೆ, ಉತ್ತರ ಹೇಳಿ ಒಳಗೆ ಬರಲಿ ಎಂದ ಶಾಮಣ್ಣ.

“ನಮ್ಮಣ್ಣ ಮಾಡಿದ ಕೆಲಸಕ್ಕೆ ಅವನಿಗೆ ಗೊತ್ತಿಲ್ಲದ ಹಾಗೆ ನೀವು ಕೈ ಹಾಕಿದ್ದು ಹೌದಾ, ಅಲ್ವಾ?”

ಪೂವಪ್ಪ ಅಲ್ಲ ಎನ್ನುತ್ತಾನೆ ಎಂದು ಎಲ್ಲರೂ ಕಾದರು. ಅಲ್ಲ ಎಂದಿದ್ದರೆ ಅತ್ತಿಗೆಯ ಮಡಿಲಲ್ಲಿ ಪುಸ್ತಕ ಇತ್ತು, ಶಾಮಣ್ಣ ಪುಟ ತೆಗೆದು ಓದುತ್ತಿದ್ದ. ಪೂವಪ್ಪ ಒಳಗೆ ಚಾಪೆಯ ಕಡೆ ನೋಡಿದ, ಆಮೇಲೆ ಕೌಸಲ್ಯಾಳ ಕಡೆ.

“ಹೌದು,” ಎಂದ. “ನಾನೇ ಹಾಕಿದ್ದು.”

“ಯಾಕೆ?”

ಹಾರವನ್ನು ಸೇವಂತಿಯ ಕೈಗೆ ಕೊಟ್ಟು, ಅದನ್ನಾದರೂ ಹಾಕಿಬಿಡಿ ಎಂದು ಹೇಳಿ ಪೂವಪ್ಪ ಮೆಟ್ಟಿಲ ಕಡೆ ತಿರುಗಿದ. ಒಳಗಿದ್ದವರೆಲ್ಲ ಒಟ್ಟಿಗೆ ಉಸಿರು ಬಿಟ್ಟರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಕಂಡಿದ್ದೇವೆ, ಇವನು ಕುಂಬಳಕಾಯಿಯನ್ನೇ ತಂದು ಮುಂದಿಟ್ಟನಲ್ಲ ಎಂದರು ಒಬ್ಬರು.

*

ನಂಜುಂಡಯ್ಯನನ್ನು ಮುಗಿಸಿದ್ದು ಸಾಂತಾಕ್ರೂಜಿನ ಒಂದು ದೊಡ್ಡ ಹೋಟೆಲಿನಲ್ಲಿ, ಆಗಸ್ಟಿನಲ್ಲಿ ನಡೆದ ಮೀಟಿಂಗು. ಕುಕ್ಕರಿನ ಬಿಡಿಭಾಗ ಮಾಡುವ ಕಂಪನಿಯ ವಾರ್ಷಿಕ ಸಭೆ, ನಲವತ್ತೆರಡು ಸ್ಲೈಡು. ಭಾಷಣ ಮಾಡುವವರು ತಲೆಯಾಡಿಸಿದಾಗಲೆಲ್ಲ ನಂಜುಂಡಯ್ಯ ಒಂದು ಸಲ ಬಟನ್ ಒತ್ತಬೇಕು, ಮುಂದಿನ ಸ್ಲೈಡು ಬರಬೇಕು, ಅಷ್ಟೇ. ತಂಗಿಯ ಮದುವೆಗೆಂದು ಪೂವಪ್ಪ ಹದಿನೈದು ದಿನ ಊರಿಗೆ ಹೋಗಿದ್ದ. ಅವನು ಹೋದ ಮೇಲೆ ಯಜಮಾನರು ಹೊಸ ಕಂಪ್ಯೂಟರು ತರಿಸಿ, ಅದಕ್ಕೆ ಸ್ಲೈಡಿನ ಪ್ರೋಗ್ರಾಮನ್ನು ಹೊಸದಾಗಿಯೇ ತುಂಬಿಸಿದ್ದರು.

ಮೂರನೆಯ ಸ್ಲೈಡಿನ ನಂತರ ಐದನೆಯದು ಬಂತು. ಹಿಂದಕ್ಕೆ ತರಲು ಹೋದರೆ ಎರಡಕ್ಕೆ ಹೋಯಿತು. ಭಾಷಣಕಾರರು ಕಾರ್ಮಿಕರ ಕ್ಷೇಮದ ಬಗ್ಗೆ ಹೇಳುತ್ತಿದ್ದರೆ ತೆರೆಯ ಮೇಲೆ ಲಾಭದ ಕಂಬಗಳು ಎದ್ದವು. ಅವರು ಲಾಭಕ್ಕೆ ಬರುವಷ್ಟರಲ್ಲಿ ದೊಡ್ಡ ಅಕ್ಷರದಲ್ಲಿ ‘ಧನ್ಯವಾದ’ ಬಂದುಬಿಟ್ಟಿತು. ಸಭೆ ನಕ್ಕಿತು. ಯಜಮಾನರು ಎದ್ದು ಬಂದು ಕೀಬೋರ್ಡನ್ನು ತಮ್ಮ ಕಡೆ ಎಳೆದುಕೊಂಡರು. ನಂಜುಂಡಯ್ಯ ಮರುದಿನವೇ ಕೆಲಸ ಬಿಟ್ಟ. ಇಷ್ಟು ದಿನ ನಿಧಾನ ಮಾಡಿಸಿದವನು ಹೋಗುವಾಗ ಓಡುವ ಹಾಗೆ ಮಾಡಿ ಹೋಗಿದ್ದಾನೆ, ರಜೆ ಹಾಕಿದ್ದೇ ಅದಕ್ಕೆ ಎಂದು ಕೌಸಲ್ಯಾಳಿಗೆ ಹೇಳಿದ. ಅವಳು ನಂಬಿದಳು. ಕಟ್ಟಿಕೊಂಡ ಗಂಡನ ಮಾತು ನಂಬದೆ ಯಾರದನ್ನು ನಂಬುವುದು? ಊರಿಂದ ಬಂದ ಪೂವಪ್ಪ ಎರಡು ಸಲ ಮನೆಗೆ ಬಂದಾಗ ಅವಳೇ ಬಾಗಿಲು ತೆಗೆಯದೆ ಒಳಗಿಂದ, ಅವರು ಮಲಗಿದ್ದಾರೆ ಎಂದಿದ್ದಳು.

*

ಪೂವಪ್ಪ ಎರಡನೆಯ ಮಹಡಿಯ ತಿರುವಿನಲ್ಲಿದ್ದಾಗ ಹಿಂದಿನಿಂದ ಯಾರೋ ಇಳಿದು ಬರುವ ಸದ್ದಾಯಿತು. ಕೌಸಲ್ಯಾ. ಕೈಯಲ್ಲಿ ನೋಟುಬುಕ್ಕು. ಗಂಡನ ಹೆಣ ಬಿಟ್ಟು ಎದ್ದುಬಂದಳಲ್ಲ ಎಂದು ಮೇಲೆ ಹೆಂಗಸರು ಮಾತಾಡಿಕೊಳ್ಳುತ್ತಿರಬೇಕು.

“ಏನು ಮಾಡಿದ್ರಿ ಅಂತ ಹೇಳಿ ಹೋಗಿ,” ಎಂದಳು. “ನನಗೆ ಕಂಪ್ಯೂಟರ್ ಗೊತ್ತಿಲ್ಲ. ನನಗೆ ತಿಳಿಯೋ ಹಾಗೆ ಹೇಳಿ.”

“ಎಂತ ದೊಡ್ಡದಿಲ್ಲಮ್ಮ. ಒಂದು ಸ್ಲೈಡು ಬಂದ ಮೇಲೆ ಎರಡು ಸೆಕೆಂಡು ಅದು ಕದಲದ ಹಾಗೆ ಮಾಡಿ ಇಟ್ಟಿದ್ದೆ. ಅಷ್ಟರೊಳಗೆ ಬಟನ್ ಎಷ್ಟು ಸಲ ಒತ್ತಿದ್ರೂ ಲೆಕ್ಕಕ್ಕಿಲ್ಲ.”

“ಒಂದು ಸಲ ಒತ್ತೋ ಬಟನ್ನನ್ನ ಎರಡೆರಡು ಸಲ ಯಾರು ಒತ್ತುತಾರೆ?”

ಕೇಳಿದವಳಿಗೇ ಉತ್ತರ ಹೊಳೆಯಲು ಬಹಳ ಹೊತ್ತು ಬೇಕಾಗಲಿಲ್ಲ. ಅವಳು ಮೆಟ್ಟಿಲ ಕಂಬಿ ಹಿಡಿದುಕೊಂಡಳು.

“ನಿಮಗೆ ಯಾವಾಗ ಗೊತ್ತಾಯ್ತು?”

“ವರ್ಷದ ಮೇಲಾಯ್ತು. ಬಲಗೈಯನ್ನು ಪ್ಯಾಂಟಿನ ಜೇಬಿಂದ ತೆಗೀತಿರಲಿಲ್ಲ ಅವರು. ತೆಗೆದ್ರೆ ಬೆರಳು ನಡುಗುವುದು ನಿಲ್ತಿರಲಿಲ್ಲ.” ಪೂವಪ್ಪನ ದನಿ ಇಳಿಯಿತು. “ಹೊಸ ಮೆಷಿನ್ ಬರ್ತದೆ ಅಂತ ಗೊತ್ತಿದ್ರೆ ಅದಕ್ಕೂ ಮಾಡಿಟ್ಟು ಹೋಗ್ತಿದ್ದೆ. ಇಲ್ಲ, ಮೊದಲೇ ಹೇಳಿಬಿಡಬೇಕಿತ್ತು. ಅವರ ಕೈಯ ವಿಷಯ ಅವರಿಗೇ ಹೇಗೆ ಹೇಳುವುದಮ್ಮ? ನನ್ನಿಂದ ಆಗ್ಲಿಲ್ಲ. ನನ್ನದೇ ತಪ್ಪು ಅದು, ನಿಮ್ಮ ಮೈದುನರು ಹೇಳಿದ್ದರಲ್ಲಿ ಸುಳ್ಳಿಲ್ಲ.”

ಕೌಸಲ್ಯಾ ಆಗ ನೋಟುಬುಕ್ಕು ತೆರೆದಳು. ಶಾಮಣ್ಣ ಪೂ. ಎಂದಿದ್ದ ಪುಟಗಳನ್ನಷ್ಟೇ ಓದಿದ್ದ. ಹಿಂದಿನ ರಟ್ಟಿನ ಕಡೆಯಿಂದ ಶುರುವಾದ ಪುಟಗಳ ತಲೆಯ ಮೇಲೆ ಬೇರೆ ಅಕ್ಷರ ಇತ್ತು.

‘ಕೌ. ಕಾಫಿ ಮತ್ತೆ ಅರ್ಧ ಲೋಟ. ಹಾಲು ಎಲ್ಲಿ ಹೋಗುತ್ತದೆ?’

‘ಕೌ. ಅಂಗಿಗಳಿಗೆಲ್ಲ ಗುಂಡಿ ಕಿತ್ತು ಪ್ರೆಸ್ ಬಟನ್ ಹೊಲಿದಿದ್ದಾಳೆ. ನನ್ನನ್ನು ಕೇಳಲಿಲ್ಲ.’

‘ಕೌ. ಎಲ್ಲದಕ್ಕೂ ಚಮಚ ಇಡುತ್ತಾಳೆ. ಸೇವಂತಿಯ ಜೊತೆ ಪಿಸುಮಾತು. ಏನೋ ಇದೆ.’

ಅವಳಿಗೆ ನಗು ಬಂತು. ಬಂದ ನಗು ಅರ್ಧದಲ್ಲೇ ಅಳುವಾಯಿತು. ಬೆಳಗಿನಿಂದ ಎಲ್ಲರೂ ಅಳು ಎಂದು ಬೆನ್ನು ತಟ್ಟಿದರೂ ಬಾರದ ಅಳು, ಪರರ ಮಹಡಿಯ ತಿರುವಿನಲ್ಲಿ ನಿಂತಾಗ ಬಂತು. ಲೋಟ ತುಂಬಿದರೆ ಚೆಲ್ಲುತ್ತದೆ, ಚೆಲ್ಲಿದರೆ ಅವನು ಆ ದಿನವೆಲ್ಲ ಮಾತಾಡುವುದಿಲ್ಲ. ಅದಕ್ಕೇ ಅರ್ಧ. ಅದನ್ನು ಅವಳು ಮಗಳಿಗೂ ಹೇಳಿರಲಿಲ್ಲ.

“ನಾನೂ ಹೇಳಲಿಲ್ಲ, ಪೂವಪ್ಪ,” ಎಂದಳು. “ಮನೇಲಿ ನಾನು, ಆಫೀಸಲ್ಲಿ ನೀವು. ಅವರಿಗೆ ಯಾರನ್ನೂ ನಂಬೋಕಾಗದ ಹಾಗೆ ಮಾಡಿಬಿಟ್ವಿ.”

*

ಮೆಟ್ಟಿಲು ಇಕ್ಕಟ್ಟಾದ್ದರಿಂದ ಚಟ್ಟವನ್ನು ಕೆಳಗೆ ಬಿಲ್ಡಿಂಗಿನ ಅಂಗಳದಲ್ಲೇ ಕಟ್ಟಿದ್ದರು. ನಂಜುಂಡಯ್ಯನನ್ನು ಚಾದರದಲ್ಲಿ ಇಳಿಸಿ ತಂದು ಮಲಗಿಸಿದಾಗ ಹನ್ನೆರಡಾಗಿತ್ತು. ಹೆಗಲು ಕೊಡಲು ಮೂವರು ಮುಂದೆ ಬಂದರು. ಬೆಂಕಿಯ ಮಡಕೆ ಹಿಡಿದು ಮುಂದೆ ನಡೆಯಬೇಕಾದ ಶಾಮಣ್ಣ ನಾಲ್ಕನೆಯವನಿಗಾಗಿ ಸುತ್ತ ಕಣ್ಣಾಡಿಸಿದ.

“ಪೂವಪ್ಪನೋರು ಕೊಡ್ತಾರೆ,” ಎಂದಳು ಕೌಸಲ್ಯಾ.

ಶಾಮಣ್ಣನ ಮುಖ ಕೆಂಪಾಯಿತು. “ಅತ್ತಿಗೆ, ಪುಸ್ತಕದಲ್ಲಿ ಅಣ್ಣ ತನ್ನ ಕೈಯಾರೆ—”

“ಪುಸ್ತಕದಲ್ಲಿ ನನ್ನ ಹೆಸರೂ ಇದೆ ಶಾಮಣ್ಣ. ನನ್ನನ್ನೂ ಆಚೆ ಕಳಿಸ್ತೀರಾ?”

ಅದರ ಅರ್ಥ ಅವನಿಗೆ ಆಗಲಿಲ್ಲ. ವಾದ ಮಾಡುವ ಹೊತ್ತೂ ಅದಾಗಿರಲಿಲ್ಲ. ಗೇಟಿನ ಹೊರಗೆ ಮುನಿಸಿಪಾಲಿಟಿ ಗಾಡಿಯವನು ಎರಡು ಸಲ ಹಾರನ್ ಹೊಡೆದಿದ್ದ. ಪೂವಪ್ಪ ಬಂದು ಬಲಗಡೆ, ತಲೆಯ ಹತ್ತಿರದ ಬಿದಿರಿಗೆ ನಿಂತ.

ಕಟ್ಟುವ ಮುಂಚೆ ಕೌಸಲ್ಯಾ ಬಗ್ಗಿ, ಬಿಳಿ ಬಟ್ಟೆಯ ಅಡಿಯಿಂದ ಗಂಡನ ಬಲಗೈ ಹೊರತೆಗೆದಳು. ತಣ್ಣಗಿತ್ತು. ಅಲುಗದೆ ಇತ್ತು. ಎರಡು ವರ್ಷದಿಂದ ಅವಳು ಆ ಕೈ ಹಿಡಿದಿರಲಿಲ್ಲ. ಹಿಡಿದಿದ್ದರೆ ಅವಳಿಗೆ ಗೊತ್ತು ಎನ್ನುವುದು ಅವನಿಗೆ ಗೊತ್ತಾಗಿಬಿಡುತ್ತಿತ್ತು. ರಸ್ತೆ ದಾಟುವಾಗ ಸಹ ಅವನ ತೋಳನ್ನು ಹಿಡಿಯುತ್ತಿದ್ದಳೇ ಹೊರತು ಬೆರಳನ್ನಲ್ಲ. ಈಗ ಅಷ್ಟು ಜನರೆದುರು ಐದೂ ಬೆರಳಿಗೆ ತನ್ನ ಬೆರಳು ಸೇರಿಸಿ ಹಿಡಿದುಕೊಂಡಳು. ಹಗ್ಗ ಸುತ್ತುವವನು ಕಾದು ನೋಡಿ, ಆ ಕೈಯೊಂದನ್ನು ಬಿಟ್ಟು ಮಿಕ್ಕಿದ್ದನ್ನು ಕಟ್ಟಿದ.

ಎತ್ತಿ ಎಂದ ಶಾಮಣ್ಣ. ಚಟ್ಟ ಸೊಂಟಕ್ಕೆ ಬಂತು, ಎದೆಗೆ ಬಂತು, ಹೆಗಲಿಗೇರಿತು. ಕೌಸಲ್ಯಾಳ ತೋಳೂ ಅದರ ಜೊತೆಗೇ ಏರುತ್ತ ಹೋಯಿತು. ಅವಳು ಕುಳ್ಳಗೆ. ಹಿಮ್ಮಡಿ ಎತ್ತಿದಳು, ಬೆರಳ ತುದಿ ಜಾರತೊಡಗಿತು.

“ಬಲಗಡೆ ಇಳೀತಿದೆ, ಸಮ ಹಿಡೀರಿ,” ಎಂದ ಶಾಮಣ್ಣ ಮುಂದಿನಿಂದ, ತಿರುಗಿ ನೋಡಿ.

ಪೂವಪ್ಪ ಮಂಡಿ ಬಗ್ಗಿಸಿ, ಬಿದಿರಿನ ಅಡಿ ಹೆಗಲನ್ನು ಇನ್ನಷ್ಟು ಕೆಳಗೆ ಮಾಡಿಕೊಂಡು, ಹಾಗೆಯೇ ನಿಂತಿದ್ದ.