ಎದುರು ಮನೆಯವಳಿಗೊಂದು ಬ್ಲೂಸ್

ಮಿಸ್ರಿಯಾ ಉಮ್ರಾಕ್ಕೆ ಹೊರಟಿದ್ದಾಳೆ ಎಂಬ ಸುದ್ದಿಯನ್ನು ನನಗೆ ಮುಟ್ಟಿಸಿದವನು ಮೀನಿನ ಅಲಿ ಕುಂಞಿ. ಎಂಥ ಕಾಲ ಬಂತು ನೋಡಿ! ಅವಳ ಮನೆ ನಮ್ಮ ಮನೆಗೆ ನೇರ ಎದುರು, ನಡುವೆ ಇರುವುದು ಮಡಿಕೇರಿ ರಸ್ತೆ ಒಂದೇ. ಅವಳು ಸೀನಿದರೆ ನಮ್ಮ ಜಗಲಿಗೆ ಕೇಳುತ್ತದೆ. ಅಂಥವಳ ಸುದ್ದಿ ನನಗೆ ಬಂಗುಡೆಯ ಜೊತೆ ಸಿಗಬೇಕಾಯಿತು.

"ಭಾನುವಾರ ಹೊರಡುದಂತೆ ಚೆನ್ನಕ್ಕ," ಎಂದ ಅಲಿ ಕುಂಞಿ. "ಎಲ್ಲ ಮನೆಗೆ ಹೋಗಿ ಮಾಪು ಕೇಳಿ ಬರ್ತಾ ಇದ್ದಾರೆ. ನಿಮ್ಮಲ್ಲಿಗೆ ಬರ್ಲಿಲ್ವಾ?"

"ನೀನು ಮೀನು ಸರಿ ತೂಗು," ಎಂದೆ.

ಅವರಲ್ಲಿ ಅದೊಂದು ಕ್ರಮ. ಮಕ್ಕಾಕ್ಕೆ ಹೊರಡುವವರು ನೆಂಟರ, ನೆರೆಕರೆಯವರ ಮನೆಮನೆಗೆ ಹೋಗಿ, "ನನ್ನಿಂದ ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ" ಎಂದು ಕೇಳಿಕೊಂಡೇ ಹೊರಡಬೇಕು. ಇಂಥ ಜಾತಿ, ಅಂಥ ಜಾತಿ ಎಂದಿಲ್ಲ. ಕಲ್ಲುಗುಂಡಿಯ ನಮ್ಮ ಸಾಲಿನಲ್ಲಿ ಯಾರು ಹೊರಟರೂ ನಮ್ಮ ಮನೆಗೆ ಬಂದು, ಕೈ ಹಿಡಿದು, ಒಂದು ಲೋಟ ಶರಬತ್ತು ಕುಡಿದೇ ಹೋದದ್ದು. ಈ ಮಿಸ್ರಿಯಾ ಒಬ್ಬಳಿಗೆ ನಮ್ಮ ಮನೆ ಕಾಣಿಸಲಿಲ್ಲ. ನನ್ನ ಮೈಯೆಲ್ಲ ಉರಿದುಹೋಯಿತು.

ಜಗಳದ ಕತೆ ಹೇಳಿಬಿಡುತ್ತೇನೆ, ಯಾರ ಕಡೆ ನ್ಯಾಯ ಅಂತ ನೀವೇ ಹೇಳಿ. ಲಂಗ ಹಾಕುತ್ತಿದ್ದ ಕಾಲದಿಂದ ನಾನು ಬೀಡಿ ಕಟ್ಟಿದವಳು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ದಿನವೂ ಮಿಸ್ರಿಯಾಳ ಜಗಲಿಯಲ್ಲಿ ಇಬ್ಬರೂ ಕಾಲು ಚಾಚಿ ಕೂತು, ಮಡಿಲಲ್ಲಿ ಎಲೆ, ಹೊಗೆಸೊಪ್ಪು ತುಂಬಿದ ಗೆರಸೆ ಇಟ್ಟುಕೊಂಡು, ಕೈ ಬೀಡಿ ಕಟ್ಟುತ್ತಿದ್ದರೆ ಬಾಯಿ ಊರನ್ನೆಲ್ಲ ಕಟ್ಟುತ್ತಿತ್ತು. ಆಮೇಲೆ ನನಗೊಂದು ಕೆಮ್ಮು ಹಿಡಿಯಿತು. ಹೊಗೆಸೊಪ್ಪಿನ ಧೂಳು, ಅದಕ್ಕೆಲ್ಲ ಡಾಕ್ಟರು ಯಾಕೆ ಎಂದು ನಾನು ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಮಿಸ್ರಿಯಾ ತನ್ನ ಮಗ ಅಸ್ಕರ್ ಗಲ್ಫಿನಿಂದ ತಂದ ತೈಲದ ಬಾಟಲಿ ಕೊಟ್ಟಳು, ಎದೆಗೆ ಹಚ್ಚಿಕೊಂಡೆ. ಅಷ್ಟಕ್ಕೆ ಸುಮ್ಮನಿದ್ದಳೇ? ಒಂದು ದಿನ ಸೀದಾ ರಿಕ್ಷಾ ಸ್ಟ್ಯಾಂಡಿಗೆ ಹೋಗಿ ನನ್ನ ಗಂಡ ಸಂಕಪ್ಪನಿಗೆ, "ನಿಮ್ಮ ಹೆಂಡತಿಯ ಕೆಮ್ಮಿನಲ್ಲಿ ರಕ್ತ ಉಂಟು" ಎಂದು ಎಲ್ಲ ರಿಕ್ಷಾದವರ ಎದುರು ಹೇಳಿಬಂದಳು. ಇವರು ನನ್ನನ್ನು ಎಳೆದುಕೊಂಡು ಹೋಗಿ ಆಸ್ಪತ್ರೆಗೆ ಹಾಕಿದರು. ಡಾಕ್ಟರು ಮಾತ್ರೆಯ ರಾಶಿ ಕೊಟ್ಟು, ಇನ್ನು ಬೀಡಿ ಮುಟ್ಟಬಾರದು ಎಂದರು.

ನಾನು ವಾಪಸು ಬಂದವಳೇ ರಸ್ತೆಯ ಈಚೆಯಿಂದ ಕೂಗಿದೆ, "ನನ್ನ ಅನ್ನಕ್ಕೆ ಮಣ್ಣು ಹಾಕಿದಿಯಲ್ಲೇ!" ಅವಳು ಆಚೆಯಿಂದ, "ಹೋಗು, ಸಾಯಿ ಹಾಗಾದ್ರೆ!" ಎಂದು ಬಾಗಿಲು ಹಾಕಿಕೊಂಡಳು. ಅಂದಿನಿಂದ ಎರಡು ಮಳೆಗಾಲ ಕಳೆದರೂ ಮಾತಿಲ್ಲ, ಕತೆಯಿಲ್ಲ.

ಕೆಮ್ಮು ಗುಣವಾಯಿತು, ಸರಿ. ಆದರೆ ಈ ಕೈಗಳನ್ನು ಏನು ಮಾಡುವುದು? ಟಿವಿ ನೋಡುವಾಗಲೂ ಬೆರಳು ತಾನಾಗಿ ಸುರುಟುತ್ತಿತ್ತು. ಕೆಲಸವಿಲ್ಲದ ಆಚಾರಿ ಮಗುವಿನ ಕುಂಡೆ ಕೆತ್ತಿದನಂತೆ. ಹಾಗೆ ನಾನು ಸ್ಟೂಲು ಹತ್ತಿ, ಕಪಾಟಿನ ಮೇಲಿಂದ, ಮಗಳು ಪ್ರೀತಿಕಾ ಕಾಲೇಜಿನಲ್ಲಿ ಹಟ ಹಿಡಿದು ತೆಗೆಸಿಕೊಂಡು, ಮದುವೆಯಾಗಿ ಪುತ್ತೂರಿಗೆ ಹೋಗುವಾಗ ಬಿಟ್ಟುಹೋದ ಗಿಟಾರನ್ನು ಇಳಿಸಿದೆ.

"ಅರುವತ್ತಕ್ಕೆ ಅರಳು ಮರಳು ಅಂತಾರೆ," ಎಂದರು ಇವರು. "ನಿನಗೆ ಎರಡು ವರ್ಷ ಮೊದಲೇ ಬಂತಲ್ಲ ಮಾರಾಯ್ತಿ."

"ನೀವು ರಿಕ್ಷಾ ತೆಗೀರಿ," ಎಂದೆ.

ಸುಳ್ಯದಲ್ಲಿ ಬೇಕರಿಯೊಂದರ ಮಾಳಿಗೆಯಲ್ಲಿ ವಿಷ್ಣುಪ್ರಸಾದ್ ಮಾಸ್ಟ್ರು ಗಿಟಾರ್ ಕಲಿಸುತ್ತಾರೆ. ಹಿಂದೆ ಹಡಗಿನ ಬ್ಯಾಂಡಿನಲ್ಲಿ ದೇಶ ದೇಶ ಸುತ್ತಿದವರು. ನನ್ನನ್ನು ಕಂಡು, ಯಾರದೋ ಅಜ್ಜಿ ಮೊಮ್ಮಗನನ್ನು ಸೇರಿಸಲು ಬಂದಿದ್ದಾರೆ ಎಂದುಕೊಂಡರು. ನಾನು ನೆಲದ ಮೇಲೆ ಕಾಲು ಚಾಚಿ ಕೂತು, ಗಿಟಾರನ್ನು ಮಡಿಲಲ್ಲಿ ಅಂಗಾತ ಮಲಗಿಸಿಕೊಂಡೆ.

"ಅಯ್ಯೋ ಚೆನ್ನಕ್ಕ, ಅದು ಹಾಗಲ್ಲ! ಎತ್ತಿ ಹಿಡೀಬೇಕು."

ಎತ್ತಿ ಹಿಡಿದೆ. ಸ್ವಲ್ಪ ಹೊತ್ತಿನಲ್ಲಿ ಅದು ತಾನಾಗಿ ಮಡಿಲಿಗೆ ಬಂದು ಮಲಗಿತು. ಮತ್ತೆ ಎತ್ತಿಸಿದರು, ಮತ್ತೆ ಮಲಗಿತು. ಜೀವಮಾನವಿಡೀ ಗೆರಸೆ ಹೊತ್ತ ಮಡಿಲು, ಬೇರೆ ಹೇಗೆ ಕೇಳೀತು? ಮೂರನೆಯ ವಾರ ಮಾಸ್ಟ್ರು ಸೋತು, ತಲೆ ಕೆರೆದುಕೊಂಡು, ಆಮೇಲೆ ಜೋರಾಗಿ ನಕ್ಕರು.

"ಬಿಡಿ, ಮಲಗಿಸಿಯೇ ನುಡಿಸಿ. ಹಾಗೆ ನುಡಿಸುವ ಸಂಗೀತವೂ ಒಂದು ಉಂಟು. ನನಗೆ ಪ್ರಾಣ ಅದು. ಇಲ್ಲಿ ಕಲಿಯಲಿಕ್ಕೆ ಒಬ್ರೂ ಬರ್ಲಿಲ್ಲ. ಬ್ಲೂಸ್ ಅಂತ."

ತಂತಿಗಳನ್ನು ಸ್ವಲ್ಪ ಎತ್ತರಿಸಿ, ಬೇರೆ ಶ್ರುತಿಗೆ ಕೂರಿಸಿದರು. ಎಡಗೈಯಲ್ಲಿ ಬೆರಳು ಒತ್ತುವುದು ಬೇಡ, ನುಣುಪಾದ ಗಾಜಿನದ್ದೇನಾದರೂ ತಂತಿಯ ಮೇಲೆ ಜಾರಿಸಿದರೆ ಸಾಕು ಎಂದರು. ನನ್ನ ಚೀಲದಲ್ಲಿ ಗಾಜಿನದ್ದೆಂದರೆ ಮಿಸ್ರಿಯಾ ಕೊಟ್ಟ ತೈಲದ ಬಾಟಲಿ. ಖಾಲಿಯಾಗಿ ಯಾವ ಕಾಲವಾಯಿತೋ. ಸಿಟ್ಟಿದ್ದರೂ ಅದನ್ನು ಯಾಕೆ ಬಿಸಾಡಿರಲಿಲ್ಲ ಎಂದು ಕೇಳಬೇಡಿ. ಅದನ್ನೇ ಜಾರಿಸಿದೆ. ಅಬ್ಬಬ್ಬಾ! ಗಿಟಾರು ಮನುಷ್ಯರ ಹಾಗೆ ನರಳಿತು. ನನ್ನ ರೋಮವೆಲ್ಲ ನಿಂತಿತು.

ಅಮೆರಿಕದ ಹತ್ತಿಹೊಲಗಳಲ್ಲಿ ದುಡಿದು ಸವೆದ ಕಪ್ಪು ಜನರು ಕಟ್ಟಿದ ಹಾಡುಗಳಂತೆ ಅವು. ಮೊದಲ ಸಾಲಿನಲ್ಲಿ ತಮ್ಮ ಸಂಕಟ ಹೇಳುವುದು, ಎರಡನೆಯ ಸಾಲಿನಲ್ಲಿ ಅದನ್ನೇ ಮತ್ತೊಮ್ಮೆ ಹೇಳುವುದು, ಮೂರನೆಯದರಲ್ಲಿ ಅದಕ್ಕೊಂದು ಉತ್ತರ.

"ಇದು ನಮ್ಮ ಮನೆಯಲ್ಲಿ ದಿನಾ ಉಂಟಲ್ಲ ಮಾಸ್ಟ್ರೆ," ಎಂದೆ. "ಇವರು ‘ಚಾ ಆಗ್ಲಿಲ್ವಾ’ ಅಂತಾರೆ. ನಾನು ಸುಮ್ಮನಿರ್ತೇನೆ. ಮತ್ತೊಮ್ಮೆ ‘ಚಾ ಆಗ್ಲಿಲ್ವಾ’ ಅಂತಾರೆ. ಆಮೇಲೆ ತಾವೇ ಎದ್ದು ಮಾಡ್ತಾರೆ."

ಮಾಸ್ಟ್ರು ಕುರ್ಚಿಯಿಂದ ಬೀಳುವಷ್ಟು ನಕ್ಕರು. ನನ್ನ ಕೆಮ್ಮಿನ ಗಂಟಲು ಕೂಡ ಅವರಿಗೆ ಬಹಳ ಹಿಡಿಸಿತು. ಇಂಥ ಸ್ವರ ಬರಲಿ ಎಂದು ಜನ ಸಿಗರೇಟು ಸೇದಿ ಹಾಳಾಗುತ್ತಾರೆ, ನಿಮಗೆ ಧರ್ಮಕ್ಕೆ ಬಂದಿದೆ ಎಂದರು. ಆಮೇಲೆ, "ಬೇರೆಯವರ ಹಾಡು ಬೇಡ. ನಿಮ್ಮ ಹೊಟ್ಟೆಯ ಉರಿ ಎಂತ ಉಂಟೋ ಅದನ್ನೇ ಹಾಡಿ," ಎಂದರು.

ಹೊಟ್ಟೆಯ ಉರಿಗೇನು ಬರವೇ? ಮನೆಗೆ ಬರುವ ದಾರಿಯಲ್ಲೇ, ರಿಕ್ಷಾದಲ್ಲಿ, ಎರಡು ಸಾಲು ಸಿದ್ಧವಾಯಿತು.

ಎದುರು ಮನೆಯವಳೇ, ನನ್ನ ಕೆಮ್ಮನ್ನು ಊರಿಗೆಲ್ಲ ಹೇಳಿದಿ,
ಓ ಎದುರು ಮನೆಯವಳೇ, ನನ್ನ ಕೆಮ್ಮನ್ನು ಊರಿಗೆಲ್ಲ ಹೇಳಿದಿ...

ಮೂರನೆಯ ಸಾಲು ಮಾತ್ರ ಬರಲೊಲ್ಲದು. ‘ನಿನ್ನ ಬಾಯಿಗೆ ಬೀಗ ಜಡಿಯ’ ಎಂದು ಹಾಡಿ ತೋರಿಸಿದೆ. ಅದು ಬೈಗಳು, ಉತ್ತರ ಅಲ್ಲ ಎಂದರು ಮಾಸ್ಟ್ರು. ‘ನನ್ನ ಗೆರಸೆ ಬರಿದಾಯಿತು’ ಎಂದೆ. ಅದು ಮತ್ತೆ ಸಂಕಟವೇ ಆಯಿತು ಎಂದರು. ದಿನಾ ಸಂಜೆ ಜಗಲಿಯಲ್ಲಿ ಕೂತು ಎರಡು ಸಾಲು ಹಾಡುವುದು, ಬಾಟಲಿ ಜಾರಿಸುವುದು, ಅಲ್ಲಿಗೆ ನಿಲ್ಲಿಸುವುದು. ಎದುರಿನ ಬಾಗಿಲು ಹಾಕಿಯೇ ಇರುತ್ತಿತ್ತು.

ಶನಿವಾರ ಬಂತು, ಮರುದಿನ ಅವಳ ಪ್ರಯಾಣ. ಮಿಸ್ರಿಯಾ ಸಂಜೆ ನಮ್ಮ ಪಕ್ಕದ ದುಗ್ಗಮ್ಮನ ಮನೆಗೆ ಬಂದಳು. ಒಳಗೆ ಓಡಿ ಲಿಂಬೆ ಹಿಂಡಿ ಶರಬತ್ತು ಮಾಡಿಟ್ಟೆ, ಸೀರೆಯ ನೆರಿಗೆ ಸರಿಮಾಡಿಕೊಂಡೆ. ಹೊರಗೆ ಬಂದು ನೋಡಿದರೆ ಅವಳು ದುಗ್ಗಮ್ಮನ ಗೇಟಿನಿಂದ ಇಳಿದು, ನಮ್ಮ ಗೇಟಿನ ಎದುರು ಒಂದು ಗಳಿಗೆ ನಿಂತು, ರಸ್ತೆ ದಾಟಿ ತನ್ನ ಮನೆಗೆ ಹೋಗುತ್ತಿದ್ದಳು.

ನನಗೆ ಅಳು ಬಂತು. ಸಿಟ್ಟಿನ ಅಳು ಅಲ್ಲ, ಬರೀ ಅಳು. ಅಷ್ಟು ದೂರದ ಪ್ರಯಾಣ, ಅವಳಿಗೆ ಮಂಡಿನೋವು ಬೇರೆ. ಮಾತಿಲ್ಲದೆ ಹೋಗಿಬಿಡುತ್ತಾಳಲ್ಲ ಎನಿಸಿತು.

"ನೀನೇ ಹೋಗಿ ಮಾತಾಡು ಮಾರಾಯ್ತಿ," ಎಂದರು ಇವರು, ಶರಬತ್ತಿನ ಲೋಟಕ್ಕೆ ಕೈಹಾಕುತ್ತಾ.

"ಹೊರಟದ್ದು ಅವಳು, ನಾನ್ಯಾಕೆ ಹೋಗುದು? ಆ ಲೋಟ ಅಲ್ಲಿಡಿ, ಅದು ನಿಮಗಲ್ಲ!"

ಕಣ್ಣೊರೆಸಿಕೊಂಡು ಜಗಲಿಯಲ್ಲಿ ಕಾಲು ಚಾಚಿದೆ. ಗಿಟಾರು ಮಡಿಲಿಗೆ ಬಂತು. ಬಾಗಿಲಿಗೆ ಹೋಗಿ ಕರೆಯಲು ನಾಲಗೆ ಬಾರದು, ಹಾಡಲೇನು ಧಾಡಿ? ದುಗ್ಗಮ್ಮ ಬೇಲಿಯ ಮೇಲಿಂದ ಇಣುಕಿದರೂ ಲೆಕ್ಕಿಸದೆ ಹಾಡಿದೆ. ಎದುರು ಮನೆಯವಳೇ, ನನ್ನ ಕೆಮ್ಮನ್ನು ಊರಿಗೆಲ್ಲ ಹೇಳಿದಿ. ಬಾಟಲಿ ಜಾರಿ ತಂತಿ ನರಳಿತು. ಆಚೆ ಬಾಗಿಲು ತೆರೆದದ್ದು ಕಂಡಿತು. ಓ ಎದುರು ಮನೆಯವಳೇ, ನನ್ನ ಕೆಮ್ಮನ್ನು ಊರಿಗೆಲ್ಲ ಹೇಳಿದಿ.

ಅಷ್ಟರಲ್ಲಿ ಸಂಪಾಜೆಯ ಕಡೆಯಿಂದ ಮರದ ಲಾರಿಯೊಂದು ಗುಡುಗುಡು ಬಂದು ನಮ್ಮಿಬ್ಬರ ಮನೆಯ ಮಧ್ಯೆ ತೆವಳತೊಡಗಿತು. ಹಾಳಾದ್ದು, ಮುಗಿಯುವುದೇ ಇಲ್ಲ. ನಾನು ಬಾಟಲಿ ಎತ್ತಿ ಹಿಡಿದು ಕಾದೆ. ಲಾರಿ ಹೋಯಿತು, ಹೊಗೆ ಇಳಿಯಿತು. ಮಿಸ್ರಿಯಾ ರಸ್ತೆ ದಾಟಿ ನಮ್ಮ ಗೇಟಿನಲ್ಲಿ, ಸೆರಗು ಕಚ್ಚಿಕೊಂಡು ನಿಂತಿದ್ದಳು. ಸೆರಗು ಬಿಟ್ಟು, ನನ್ನದೇ ರಾಗದಲ್ಲಿ ಹಾಡಿದಳು.

"ಹೇಳದಿದ್ದರೆ ಇವತ್ತು ಯಾರ ಬಾಗಿಲಿಗೆ ಬಂದು ಮಾಪು ಕೇಳುದು ನಾನು?"

ನಾನು ಕತ್ತು ಚಾಚಿ ಅವಳನ್ನು ನೋಡಿದೆ.

"ಎಂತ ನೋಡ್ತಿ?" ಎಂದಳು ಮೂಗು ಸೀಟುತ್ತಾ. "ದಿನಾ ಎರಡೇ ಸಾಲು ಹೇಳಿ ನಿಲ್ಲಿಸ್ತಿ. ಕೇಳಿ ಕೇಳಿ ನನಗೆ ನಿದ್ದೆ ಇಲ್ಲ. ಮುಂದಿನದ್ದು ಯಾರಾದ್ರೂ ಹೇಳ್ಬೇಕಲ್ಲ!"

"ಆಗ ಗೇಟಿನವರೆಗೆ ಬಂದು ತಿರುಗಿ ಹೋದದ್ದು ಯಾಕೆ ಮತ್ತೆ?"

"ನಿನ್ನ ಬಾಯಿಗೆ ಹೆದರಿ."

"ಬಾ ಒಳಗೆ," ಎಂದೆ. "ಗೇಟಿನಲ್ಲಿ ನಿಂತವರಿಗೆ ನಾನು ಮಾಪು ಕೊಡುದಿಲ್ಲ."

ಬಂದು ನನ್ನ ಬಲಗಡೆ, ಹಿಂದೆಲ್ಲ ಕೂರುತ್ತಿದ್ದ ಹಾಗೆಯೇ, ಮಂಡಿ ಹಿಡಿದುಕೊಂಡು ಕೂತಳು. ಕೈ ಹಿಡಿದಳು. ಇಬ್ಬರೂ ಅತ್ತೆವು, ಅದರಲ್ಲಿ ಮುಚ್ಚುಮರೆ ಎಂಥದ್ದು. ಇವರು ಶರಬತ್ತು ತಂದಿಟ್ಟು, ರಿಕ್ಷಾ ತೊಳೆಯುವ ನೆಪದಲ್ಲಿ ಅಂಗಳಕ್ಕೆ ಹೋದರು.

ಕಣ್ಣೊರೆಸಿಕೊಂಡವಳು ನನ್ನ ಎಡಗೈ ನೋಡಿದಳು. "ಇದು ನಮ್ಮ ಅಸ್ಕರ್ ತಂದ ತೈಲದ ಬಾಟ್ಲಿ ಅಲ್ವಾ?"

"ಹೌದು. ಖಾಲಿಯಾಗಿದೆ," ಎಂದೆ. "ಬರುವಾಗ ಇನ್ನೊಂದು ತಾ."